ನಮ್ಮ ರಸ್ತೆಗೆ ಟರ್ಬೋ ಗಾಡಿ ರೆಡಿ ಮಾಡುವುದು ಹೇಗೆ

ಗಾಡಿ ತಗೊಂಡ ಮೊದಲ ವಾರವೇ ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಮಗಾ, ಸ್ಟೇಜ್ ಒನ್ ಯಾವಾಗ ಮಾಡಿಸ್ತೀಯ?" ಅಂದರೆ, ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು ಯಾವಾಗ ಅಂತ. ನಂದು ಸೆಕೆಂಡ್ ಹ್ಯಾಂಡ್ ಅಬಾರ್ತ್ ಪುಂಟೊ, ಫಿಯೆಟ್‌ನವರು 2015ರಲ್ಲಿ ಇಲ್ಲಿ ಬಿಟ್ಟದ್ದು. ಮುಂದೆ ಚೇಳಿನ ಬ್ಯಾಡ್ಜು, ಒಳಗೆ 1.4 ಲೀಟರ್ ಟಿ-ಜೆಟ್ ಟರ್ಬೋ ಎಂಜಿನ್ನು, 145 ಬಿಎಚ್‌ಪಿ, 212 ಎನ್‌ಎಂ ಟಾರ್ಕು. ಮೈಸೂರಿನ ಸಿಗ್ನಲ್‌ಗಳಿಗೆ ಇದು ಬೇಕಾದಷ್ಟಾಯಿತು, ಆದರೆ ಆಸೆ ಸುಮ್ನೆ ಇರುತ್ತಾ? ನಾನೂ ಮಾಡಿಸಿದೆ. ಮೊದಲ ಸಲ ತಪ್ಪು ಕ್ರಮದಲ್ಲಿ ಮಾಡಿಸಿದೆ, ದುಡ್ಡು ಎರಡೆರಡು ಸಲ ಹೋಯಿತು. ಈಗ ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು: ಬ್ರೇಕು, ಟೈರು, ಎಂಜಿನ್ ಆರೋಗ್ಯ, ಆಮೇಲೆ ಶಾಖ, ಕೊನೆಗೆ ಪವರ್. ನಿಮ್ಮದು ಪೋಲೊ ಜಿಟಿ ಇರಲಿ, ಐ20 ಎನ್ ಲೈನ್ ಇರಲಿ, ವರ್ಟಸ್ ಇರಲಿ, ಕ್ರಮ ಇದೇ.

ಬ್ರೇಕ್ ಯಾಕೆ ಮೊದಲು ಅಂದರೆ, ಕಬ್ಬು ಅರೆಯುವ ಸಮಯದಲ್ಲಿ ಒಂದು ಸಂಜೆ ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗಿ ನೋಡಿ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್, ಅದರ ಮೇಲೆ ಮನೆ ಎತ್ತರಕ್ಕೆ ಕಬ್ಬು, ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕತ್ತಲಲ್ಲಿ ಅದು ನಿಮಗೆ ಕಾಣುವುದೇ ಹತ್ತಿರ ಬಂದಮೇಲೆ. ಆಗ ನಿಮ್ಮ ಗಾಡಿಯಲ್ಲಿ 145 ಕುದುರೆ ಇದೆಯೋ 175 ಇದೆಯೋ ಯಾರಿಗೆ ಬೇಕು?

ದೊಡ್ಡ ಡಿಸ್ಕು, ಕೆಂಪು ಕ್ಯಾಲಿಪರು ಅಂತ ಓಡಬೇಡಿ. ಮೊದಲು ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಚಾಮುಂಡಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಗೆ ಹೋದಂತಾದರೆ ಕಾರಣ ಬಹುಪಾಲು ಇದೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಮಾಡ್ ಮಾಡಿದ ಗಾಡಿಗೆ ವರ್ಷಕ್ಕೊಮ್ಮೆ ಆದರೂ ನಷ್ಟವಿಲ್ಲ. ಜೊತೆಗೆ ಒಳ್ಳೆಯ ಪ್ಯಾಡ್ ಹಾಕಿಸಿ. ರೇಸ್ ಪ್ಯಾಡ್ ಬೇಡ, ಅದು ಬಿಸಿಯಾದ ಮೇಲೇ ಹಿಡಿಯುವುದು, ಬೆಳಿಗ್ಗೆ ಹಾಲು ತರಲು ಹೋಗುವಾಗ ಹಿಡಿಯುವುದಿಲ್ಲ.

ಟೈರ್ ವಿಷಯ ಚಿಕ್ಕದು. ವಿಕ್ರಾಂತ್ ಕಾಲದಿಂದ ಟೈರ್ ಮಾಡುವ ಊರು ನಮ್ಮದು, ಆದರೂ ಎಷ್ಟೋ ಜನ ಐದಾರು ವರ್ಷದ ಗಟ್ಟಿ ರಬ್ಬರಿನ ಮೇಲೆ ರೀಮ್ಯಾಪ್ (ಅದೇ ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸುತ್ತಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2323 ಅಂದರೆ 2023ರ 23ನೇ ವಾರ ತಯಾರಾದದ್ದು. ಅದನ್ನು ನೋಡಿ ತಗೊಳ್ಳಿ. ಗಾತ್ರ ಕಂಪನಿಯದ್ದೇ ಇರಲಿ, ನನ್ನದಕ್ಕೆ 195/55 ಆರ್16. ಎರಡು ಇಂಚು ದೊಡ್ಡ ಅಲಾಯ್ ಹಾಕಿ ತೆಳ್ಳನೆ ಟೈರ್ ಹಾಕಿದವರು ಮಂಡ್ಯ ಊರೊಳಗಿನ ಒಂದು ಗುಂಡಿಗೆ ರಿಮ್ ಬೆಂಡ್ ಮಾಡಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ.

ಈಗ ಎಂಜಿನ್. ಇಲ್ಲಿ ಅವಸರ ಮಾಡಬೇಡಿ, ಅರ್ಧ ಆಟ ಇಲ್ಲೇ ಇರುವುದು. ಟ್ಯೂನ್ ಅನ್ನುವುದು ಇರುವ ಎಂಜಿನ್ನಿಂದ ಜಾಸ್ತಿ ಕೆಲಸ ತೆಗೆಯುವ ದಾರಿ, ಒಳಗಿನ ರೋಗ ಅದರಿಂದ ವಾಸಿಯಾಗುವುದಿಲ್ಲ, ಬೇಗ ಹೊರಗೆ ಬರುತ್ತದೆ ಅಷ್ಟೇ. ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ನಾಲ್ಕೂ ಸಿಲಿಂಡರಿನ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲೇ ನಿಲ್ಲಿಸಿ, ಕಾರಣ ಹುಡುಕಿ. ಟಿ-ಜೆಟ್ಟಿನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಅದು ಕಿಲೋಮೀಟರ್ ಓಡದಿದ್ದರೂ ವಯಸ್ಸಿಗೇ ಹಾಳಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಯಾವಾಗ ಬದಲಿಸಿದ್ದು ಅಂತ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ. ಸ್ಪಾರ್ಕ್ ಪ್ಲಗ್ ಹೊಸದು ಬೇಕು. ಬೂಸ್ಟ್ (ಟರ್ಬೋ ಎಂಜಿನ್ನಿಗೆ ನೂಕುವ ಗಾಳಿಯ ಒತ್ತಡ) ಏರಿಸಿದಾಗ ಒಳಗಿನ ಒತ್ತಡಕ್ಕೆ ಕಿಡಿ ಆರುವುದುಂಟು, ಅದಕ್ಕೇ ಟ್ಯೂನರ್‌ಗಳು ಗ್ಯಾಪನ್ನು ಸ್ವಲ್ಪ ತಗ್ಗಿಸಿ 0.7 ಮಿಲಿಮೀಟರ್ ಆಸುಪಾಸಿಗೆ ತರುತ್ತಾರೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ನಾಲ್ಕೂ ಚೆನ್ನಾಗಿರಬೇಕು.

ಎಂಜಿನ್ ಆಯಿಲ್‌ನಲ್ಲಿ ಜಿಪುಣತನ ಬೇಡ. ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವುದು ಒಂದು ತೆಳುವಾದ ಆಯಿಲ್ ಪದರದ ಮೇಲೆ. ಕಂಪನಿ ಹೇಳಿದ ದರ್ಜೆಯ ಪೂರ್ತಿ ಸಿಂಥೆಟಿಕ್ ಆಯಿಲನ್ನೇ ಹಾಕಿ, 15,000 ಕಿಲೋಮೀಟರ್‌ವರೆಗೆ ಓಡಬಹುದು ಅಂತ ಪುಸ್ತಕ ಹೇಳಿದರೂ 7,500ಕ್ಕೇ ಬದಲಿಸಿ. ನಿಮ್ಮದು ಡೈರೆಕ್ಟ್ ಇಂಜೆಕ್ಷನ್ ಇರುವ ಚಿಕ್ಕ ಎಂಜಿನ್ ಆದರೆ ಎಪಿಐ ಎಸ್‌ಪಿ ಎಂದು ಬರೆದಿರುವ ಆಯಿಲ್ ನೋಡಿ. ಇಂಥ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ತುಳಿದರೆ ಕಿಡಿ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿ ಪಿಸ್ಟನ್ ಒಡೆಯುವ ಅಪಾಯ ಉಂಟು, ಆ ಆಯಿಲ್ ಅದನ್ನು ತಗ್ಗಿಸುತ್ತದೆ. ಅದಕ್ಕೇ ಐದನೇ ಗೇರಿನಲ್ಲಿ 1,400 ಆರ್‌ಪಿಎಂನಿಂದ ಪೂರ್ತಿ ತುಳಿಯಬೇಡಿ, ಗೇರ್ ಇಳಿಸಿ.

ಟರ್ಬೋ ಮಾಡುವುದು ಇಷ್ಟೇ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ನೂಕುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪ್ ಹೊಡೆದವರಿಗೆ ಇದು ಗೊತ್ತು. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಕುಟ್ಟುವುದು) ಜಾಸ್ತಿ. ಅದನ್ನು ತಣ್ಣಗೆ ಮಾಡುವುದೇ ಇಂಟರ್‌ಕೂಲರ್ ಕೆಲಸ. ಇಲ್ಲಿ ನಮ್ಮ ಊರಿನ ಒಂದು ಲೆಕ್ಕ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ. ಟರ್ಬೋ ಇಲ್ಲದ ಗಾಡಿ ಅಷ್ಟು ಪವರ್ ಕಳೆದುಕೊಳ್ಳುತ್ತದೆ. ಟರ್ಬೋ ಗಾಡಿ ಅದನ್ನು ತುಂಬಿಕೊಳ್ಳುತ್ತದೆ, ಆದರೆ ಹಾಗೆ ಮಾಡಲು ಚಕ್ರ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ರಿಂಗ್ ರೋಡಿನ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ಹೊರಟರೆ ಗಾಡಿ ಮಂಕಾಗುವುದು ಇದಕ್ಕೇ.

ಹಾಗಾಗಿ ನನ್ನ ಲೆಕ್ಕದಲ್ಲಿ ಬೋಲ್ಟ್ ಹಾಕಿ ಕೂರಿಸುವ ಸಾಮಾನುಗಳಲ್ಲಿ ದುಡ್ಡಿಗೆ ಮೋಸವಿಲ್ಲದ್ದು ಇಂಟರ್‌ಕೂಲರ್. ಬಂಪರ್ ಒಳಗಿನ ಸಿಕ್ಕ ಸಿಕ್ಕ ತೂತೆಲ್ಲ ಮುಚ್ಚಿ, ಬಂದ ಗಾಳಿಯೆಲ್ಲ ಇಂಟರ್‌ಕೂಲರ್ ಮೂಲಕವೇ ಹೋಗುವಂತೆ ಮಾಡುವುದಕ್ಕೆ ಖರ್ಚೇ ಇಲ್ಲ, ಅದನ್ನು ಮೊದಲು ಮಾಡಿ. ಹಳೆಯ 1.2 ಟಿಎಸ್‌ಐ ಪೋಲೊದಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ತಣ್ಣಗಾಗುವುದು ನೀರಿನಿಂದ, ಮುಂದೆ ದೊಡ್ಡದು ಕೂರಿಸುವ ಮಾತು ಅಲ್ಲಿ ಸುಲಭವಲ್ಲ. ಅದರ ಕೂಲೆಂಟ್, ಪಂಪ್ ಸರಿಯಿಟ್ಟುಕೊಳ್ಳಿ ಸಾಕು. ಇನ್ನು ಬಾನೆಟ್ ಒಳಗೆ ತೆರೆದಿಡುವ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಚೆಂದ, ಕೆಲಸ ಸೊನ್ನೆ. ಕಂಪನಿ ಬಾಕ್ಸಿನಲ್ಲೇ ಕೂರುವ ಫಿಲ್ಟರ್ ಹಾಕಿ.

ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಮಂಡ್ಯದ ಕಬ್ಬು ಹಿಂದೆ ಬೆಲ್ಲವಾಗಿ ಬಾಯಿಗೆ ಬರುತ್ತಿತ್ತು, ಈಗ ಟ್ಯಾಂಕಿಗೂ ಬರುತ್ತಿದೆ. ಎಥನಾಲ್‌ನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಜಾಸ್ತಿ, ಅದು ಆವಿಯಾಗುವಾಗ ಗಾಳಿಯನ್ನೂ ತಂಪು ಮಾಡುತ್ತದೆ, ಟರ್ಬೋಗೆ ಎರಡೂ ಒಳ್ಳೆಯದೇ. ಆದರೆ ಲೀಟರಿಗೆ ಸಿಗುವ ಶಕ್ತಿ ಕಡಿಮೆ, ಮೈಲೇಜ್ ಇಳಿಯುತ್ತದೆ. ನನ್ನ ಗಾಡಿಯಂಥ ಹಳೆಯವುಗಳಲ್ಲಿ ರಬ್ಬರ್ ಪೈಪುಗಳು ಇ20ಗೆ ಅಂತ ಮಾಡಿದವಲ್ಲ, ಆದ್ದರಿಂದ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯಾ ಅಂತ ಪ್ರತಿ ಸರ್ವಿಸ್‌ನಲ್ಲೂ ನೋಡಿಸಿ. ಟ್ಯೂನ್ ಮಾಡಿಸುವಾಗ ನಿಮಗೆ ದಿನಾ ಸಿಗುವ ಪೆಟ್ರೋಲಿಗೇ ಮಾಡಿಸಿ. 100 ಆಕ್ಟೇನ್ ಮ್ಯಾಪ್ ಹಾಕಿಸಿಕೊಂಡು ಮಳವಳ್ಳಿಯ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿದರೆ ಎಂಜಿನ್ ತಾನೇ ಪವರ್ ತಗ್ಗಿಸಿ ಹಿಂದೆ ಸರಿಯುತ್ತದೆ, ಸರಿಯದಿದ್ದರೆ ಇನ್ನೂ ಕೆಟ್ಟದ್ದು.

ಇಷ್ಟಾದ ಮೇಲೆ ರೀಮ್ಯಾಪ್. ಸ್ಟೇಜ್ ಒನ್ ಅಂದರೆ ಸಾಮಾನೇನೂ ಬದಲಿಸದೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ಬದಲಿಸುವುದು. ಗಾಡಿ ಗಾಡಿಗೆ ಬೇರೆ, ಆದರೆ ಟರ್ಬೋ ಪೆಟ್ರೋಲಿನಲ್ಲಿ ನೂರಕ್ಕೆ 15ರಿಂದ 25ರಷ್ಟು ಏರುವುದು ಸಾಮಾನ್ಯ. ಸೆನ್ಸರ್‌ಗೆ ಸುಳ್ಳು ಹೇಳಿ ಬೂಸ್ಟ್ ಏರಿಸುವ ಅಗ್ಗದ ಟ್ಯೂನಿಂಗ್ ಬಾಕ್ಸ್ ನನಗೆ ಇಷ್ಟವಿಲ್ಲ, ಅದು ಇಗ್ನಿಷನ್ ಟೈಮಿಂಗ್ (ಕಿಡಿ ಹೊಡೆಯುವ ಸಮಯ) ಮುಟ್ಟುವುದಿಲ್ಲ, ಒಳಗೆ ಏನಾಗುತ್ತಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ.

ನನ್ನ ಮೊದಲ ಟ್ಯೂನ್ ಕಥೆ ಕೇಳಿ. ಒಬ್ಬ ಟ್ಯೂನರ್ ಒಂದು ಫೈಲ್ ಹಾಕಿದ, ಲಾಗ್ (ಓಡುವಾಗ ಸೆನ್ಸರ್‌ಗಳು ಕೊಡುವ ಅಂಕಿಗಳ ದಾಖಲೆ) ನೋಡಲಿಲ್ಲ, ಸುತ್ತು ಹೊಡೆಯಲಿಲ್ಲ, ಅರ್ಧ ಗಂಟೆಯಲ್ಲಿ ದುಡ್ಡು ತಗೊಂಡು ಕಳಿಸಿದ. ಎರಡು ದಿನ ಸ್ವರ್ಗ. ಮೂರನೇ ದಿನ ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೇ "ಫಟ್" ಅಂತ ಸದ್ದು, ಎಂಜಿನ್ ಲೈಟ್ ಹತ್ತಿತು, ಗಾಡಿ ಆಮೆಯಾಯಿತು. ಟರ್ಬೋ ಹೋಯಿತು ಅಂದುಕೊಂಡು ಅಂಗೈ ಬೆವರಿತು. ಬನ್ನಿಮಂಟಪದ ಹತ್ತಿರದ ನಮ್ಮ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ, ಒಂದು ನಿಮಿಷ ಕೈಯಾಡಿಸಿ ನಕ್ಕರು. "ಟರ್ಬೋ ಅಲ್ಲ ಸಾರ್, ಪೈಪು ಕಿತ್ಕೊಂಡಿದೆ." ಇಂಟರ್‌ಕೂಲರ್ ಪೈಪಿನ ಹಳೆಯ ಕ್ಲಾಂಪ್ ಹೆಚ್ಚಾದ ಬೂಸ್ಟಿಗೆ ಜಾರಿತ್ತು. ಹೊಸ ಕ್ಲಾಂಪಿಗೆ ಒಂದು ಊಟದ ದುಡ್ಡೂ ಆಗಲಿಲ್ಲ. ಆದರೆ ಆ ನೆಪದಲ್ಲಿ ಸ್ಕ್ಯಾನರ್ ಹಾಕಿ ಲಾಗ್ ತೆಗೆದಾಗ ಅಸಲಿ ವಿಷಯ ಕಂಡಿತು. ಪೂರ್ತಿ ತುಳಿದಾಗಲೆಲ್ಲ ಇಸಿಯು ನಾಕಿಂಗ್ ತಡೆಯಲು ಟೈಮಿಂಗ್ ಹಿಂದಕ್ಕೆ ಎಳೆಯುತ್ತಿತ್ತು. ಆ ಫೈಲ್ ನಮ್ಮ ಪೆಟ್ರೋಲಿಗೆ, ನಮ್ಮ ಬಿಸಿಲಿಗೆ ಮಾಡಿದ್ದಲ್ಲ.

ಹಾಗಾಗಿ ಟ್ಯೂನರ್ ಹತ್ತಿರ ಇಷ್ಟು ಕೇಳಿ. ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಲಾಗ್ ತೋರಿಸುತ್ತೀರಾ? ಮೂಲ ಫೈಲ್ ಉಳಿಸಿ ಕೊಡುತ್ತೀರಾ? ಲಾಗ್‌ನಲ್ಲಿ ನೋಡಬೇಕಾದದ್ದು ಬೂಸ್ಟ್ ಕೇಳಿದಷ್ಟು ಬರುತ್ತಿದೆಯಾ, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಟೈಮಿಂಗ್ ಎಷ್ಟು ಡಿಗ್ರಿ ಹಿಂದೆ ಹೋಗುತ್ತಿದೆ. ಒಂದು ಸಿಲಿಂಡರಿನಲ್ಲಿ ಒಂದೆರಡು ಡಿಗ್ರಿ ಆಗಾಗ ಆದರೆ ಗಾಬರಿ ಬೇಡ. ನಾಲ್ಕರಲ್ಲೂ ಮೂರು ನಾಲ್ಕು ಡಿಗ್ರಿ, ಪ್ರತಿ ಸಲ ಅಂದರೆ ಮ್ಯಾಪ್ ತಗ್ಗಿಸಲು ಹೇಳಿ. ಕೊನೆಯ ಹತ್ತು ಕುದುರೆ ಬಿಟ್ಟುಕೊಡಿ. ನಮ್ಮ ರಸ್ತೆಯಲ್ಲಿ ಬೇಕಾಗಿರುವುದು ಮೂರನೇ ಗೇರಿನಲ್ಲಿ 60ರಿಂದ 100ಕ್ಕೆ ಬೇಗ ಹೋಗಿ ಲಾರಿ ದಾಟುವ ಪಿಕಪ್ಪು, 6,500 ಆರ್‌ಪಿಎಂನ ಟಾಪ್ ಎಂಡ್ ಅಲ್ಲ.

ಗೇರ್‌ಬಾಕ್ಸ್ ಮರೆಯಬೇಡಿ. ವರ್ಟಸ್ ಜಿಟಿಯ 1.5 ಟಿಎಸ್‌ಐ ಎಂಜಿನ್ ಕಂಪನಿಯಿಂದಲೇ 250 ಎನ್‌ಎಂ ಕೊಡುತ್ತದೆ, ಅದರ ಡಿಕ್ಯೂ200 ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮಿತಿಯೂ 250 ಎನ್‌ಎಂ. ಅದರ ಮೇಲೆ ಎಷ್ಟು ಹಾಕಿದರೂ ಅದು ಗೇರ್‌ಬಾಕ್ಸಿನ ಆಯಸ್ಸಿನಿಂದ ತೆಗೆದ ಸಾಲ. ಮ್ಯಾನುವಲ್ ಆದರೆ ಕ್ಲಚ್ ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 2,000 ಆರ್‌ಪಿಎಂ, ಪೂರ್ತಿ ತುಳಿಯಿರಿ. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ.

ಸದ್ದಿನ ಬಗ್ಗೆ ಒಂದು ಮಾತು. ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ತಯಾರಾಗುತ್ತಿದ್ದ ಊರಿನವರು ನಾವು, ಸೈಲೆನ್ಸರ್ ಸದ್ದಿನ ಪ್ರೀತಿ ರಕ್ತದಲ್ಲೇ ಇದೆ. ಆದರೂ ಕ್ಯಾಟ್ (ಹೊಗೆ ಶುದ್ಧ ಮಾಡುವ ಭಾಗ) ತೆಗೆದ ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಗೆ ಒಯ್ಯುವ ಪೈಪು) ಬೇಡ. ಪೆಟ್ರೋಲ್ ವಾಸನೆ ಕ್ಯಾಬಿನ್ನಿಗೇ ಬರುತ್ತದೆ, ಹೊಗೆ ತಪಾಸಣೆಯಲ್ಲೂ ತೊಂದರೆ. ಕೂಗುವ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಫೋಟೋ ನೀವೂ ನೋಡಿದ್ದೀರಿ, ಅಲ್ವಾ. "ಪ್ಶ್" ಅನ್ನುವ ಬ್ಲೋ-ಆಫ್ ವಾಲ್ವ್ ಪವರ್ ಕೊಡುವುದಿಲ್ಲ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಅಳತೆ ಮಾಡಿದ ಗಾಳಿಯನ್ನೇ ಅದು ಹೊರಗೆ ಬಿಡುವುದರಿಂದ ಪೆಟ್ರೋಲ್ ಜಾಸ್ತಿಯಾಗಿ ಗಾಡಿ ಕೆಮ್ಮುತ್ತದೆ. ಸಸ್ಪೆನ್ಷನ್ ತಗ್ಗಿಸುವುದೂ ಹಾಗೇ. ಹಂಪ್ಸ್ ಇಲ್ಲದ ಊರು ನಮ್ಮ ಕಡೆ ಯಾವುದಿದೆ ಹೇಳಿ. ಹೊಸ ಡ್ಯಾಂಪರ್, ಹೊಸ ಬುಷ್ ಹಾಕಿಸಿ, ಎತ್ತರ ಹಾಗೇ ಇರಲಿ.

ಕಾನೂನು ಗೊತ್ತಿರಲಿ. ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 182ಎ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ ನಿಜ, ಆದರೆ ಕಂಪನಿಯ ಸ್ಕ್ಯಾನರ್‌ಗೆ ಕಾಣಬಹುದು, ವಾರಂಟಿ ಹೋಗಬಹುದು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಇದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ. ಹೊಸ ಗಾಡಿಯಿದ್ದರೆ ವಾರಂಟಿ ಮುಗಿಯುವವರೆಗೆ ಬ್ರೇಕ್, ಟೈರ್‌ನಲ್ಲೇ ತೃಪ್ತಿಪಡಿ. ಬೆಂಗಳೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100, ಮೇಲೆ ಕ್ಯಾಮೆರಾ, ಟರ್ಬೋ ಇದ್ದರೂ ಚಲನ್ನಿಗೆ ರಿಯಾಯಿತಿ ಇಲ್ಲ. ಗಾಡಿಯ ಮಿತಿ ನೋಡಲೇಬೇಕು ಅಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇ ಇದ್ದಾಗ ಹೋಗಿ. ಬಂಡೀಪುರದ ದಾರಿ ಹಿಡಿದರೆ ರಾತ್ರಿ 9ರೊಳಗೆ ದಾಟಬೇಕು ಅನ್ನುವುದು ನೆನಪಿರಲಿ.

ಕೊನೆಗೆ ಓಡಿಸುವ ರೀತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ತುಳಿಯಬೇಡಿ. ನೀರಿನ ಮುಳ್ಳು ಮಧ್ಯಕ್ಕೆ ಬಂದರೂ ಆಯಿಲ್ ಬಿಸಿಯಾಗಲು ಇನ್ನೂ ಐದಾರು ಕಿಲೋಮೀಟರ್ ಬೇಕು. ಜೋರಾಗಿ ಓಡಿಸಿ ಬಂದ ಮೇಲೆ ಟಕ್ ಅಂತ ಆಫ್ ಮಾಡಿದರೆ ಕಾದ ಟರ್ಬೋದೊಳಗೆ ಆಯಿಲ್ ನಿಂತು ಸುಡುತ್ತದೆ. ಕೊನೆಯ ಎರಡು ಕಿಲೋಮೀಟರ್ ನಿಧಾನ ಬನ್ನಿ, ಅದಾಗದಿದ್ದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಮದ್ದೂರಿನಲ್ಲಿ ನಿಲ್ಲಿಸಿದಾಗ ನಾನು ಪಕ್ಕದಲ್ಲಿ ಕೂತವರನ್ನು ಮೊದಲು ಇಳಿಸಿ ವಡೆಗೆ ಹೇಳಿ ಬರಲು ಕಳಿಸುತ್ತೇನೆ. ಅವರು ಟೇಬಲ್ ಹಿಡಿಯುವಷ್ಟರಲ್ಲಿ ಟರ್ಬೋ ತಣ್ಣಗಾಗಿರುತ್ತದೆ.