ಆರಿದ್ರಾ ಇವತ್ತು ಎಷ್ಟು ಹೊಳೆಯುತ್ತಿದೆ? ಕಣ್ಣಲ್ಲೇ ಅಳೆದು ಬರೆದಿಡಿ

ಆರಿದ್ರಾ ಮಳೆ ಎಲ್ಲರಿಗೂ ಗೊತ್ತು, ಆ ನಕ್ಷತ್ರ ನೋಡಿದವರು ಮಾತ್ರ ಕಡಿಮೆ. ತಪ್ಪಿಲ್ಲ ಬಿಡಿ, ಆ ಮಳೆ ಬರುವ ಜೂನ್ ಕೊನೆಯಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ಅದು ಕಾಣಿಸುವುದೇ ಇಲ್ಲ. ಜನವರಿ ಕೊನೆಗೆ, ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಹಡಿ ಹತ್ತಿ. ಹೆಚ್ಚುಕಡಿಮೆ ನೆತ್ತಿಯ ಮೇಲೆ, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಭುಜದಲ್ಲಿ ಕೆಂಡದ ಬಣ್ಣದ ಚುಕ್ಕಿಯೊಂದಿರುತ್ತದೆ. ಬೀಟಲ್‌ಜ್ಯೂಸ್ ಅನ್ನುವುದೂ ಇದನ್ನೇ. ನಡುವಿನ ಹೈಡ್ರೋಜನ್ ಉರಿದು ಮುಗಿದು, ಊದಿಕೊಂಡಿರುವ ಮುದಿ ನಕ್ಷತ್ರ. ಹೊಳಪು ಒಂದೇ ಸಮ ಇರಲ್ಲ. ನಕ್ಷತ್ರದ ಹೊಳಪು ಅಳೆಯುವ ಅಂಕಿಯಲ್ಲಿ (ಮ್ಯಾಗ್ನಿಟ್ಯೂಡ್) ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವುದು, 2020ರ ಫೆಬ್ರವರಿಯಲ್ಲಿ ತಾನೇ ಉಗುಳಿದ ದೂಳು ಅಡ್ಡ ಬಂದು 1.6ರವರೆಗೆ ಇಳಿದಿತ್ತು. ಅಂಕಿ ಜಾಸ್ತಿಯಾದಷ್ಟೂ ಹೊಳಪು ಕಡಿಮೆ, ಇದು ನೆನಪಿರಲಿ.

ಟೆಲಿಸ್ಕೋಪ್ ಬೇಡ. ಮೊಬೈಲ್ ಜೇಬಿಗೆ ಹಾಕಿ ಕಾಲು ಗಂಟೆ ಕತ್ತಲಲ್ಲಿ ಸುಮ್ನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ಪೂರ್ವಕ್ಕೆ ತಿರುಗಿ ಹೋಲಿಕೆಗೆ ಎರಡು ನಕ್ಷತ್ರ ಹುಡುಕಿ: ಪ್ರೊಸಿಯಾನ್ (0.4), ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವ ಪೊಲಕ್ಸ್ (1.1). ಇವೆರಡರ ಅಂತರವನ್ನು ಮನಸ್ಸಲ್ಲೇ ಏಳು ಪಾಲು ಮಾಡಿ. ಆರಿದ್ರಾ ಪ್ರೊಸಿಯಾನ್‌ಗಿಂತ ಎರಡು ಪಾಲು ಮಂಕಾಗಿ ಕಂಡರೆ 0.6 ಅಂತ ಬರೆಯಿರಿ, ಅಷ್ಟೇ.

ಮೋಸ ಹೋಗುವುದು ಇಲ್ಲೇ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆಯುವಂತೆ ಕಾಣುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಬಾಯಿ ಬಿಟ್ಟುಕೊಂಡು ನೋಡ್ತಾ ನಿಂತು 0.2 ಅಂತ ಬರೆದಿದ್ದೆ, ಮಾರನೇ ದಿನ ಸರಿಯಾಗಿ ನೋಡಿದರೆ 0.6! ಒಂದು ಕ್ಷಣ ಇದು, ಒಂದು ಕ್ಷಣ ಅದು, ಹೀಗೆ ಕಣ್ಣು ಹಾಯಿಸುತ್ತಲೇ ಇರಬೇಕು.

ನೋಟ್‌ಬುಕ್‌ನಲ್ಲಿ ದಿನಾಂಕ, ಗಂಟೆ, ಹೋಲಿಸಿದ ನಕ್ಷತ್ರಗಳು, ಅಂಕಿ, ಮೋಡ ಅಥವಾ ಬೆಳದಿಂಗಳು ಇತ್ತಾ ಅನ್ನುವುದು, ಇಷ್ಟಕ್ಕೆ ಕಾಲಂ ಎಳೆಯಿರಿ. ವಾರಕ್ಕೊಮ್ಮೆ ಸಾಕು, ಏರಿಳಿತಕ್ಕೆ ಸುಮಾರು 400 ದಿನ ಬೇಕು. ಇನ್ನೊಂದು ಹಾಳೆಯಲ್ಲಿ ಬೇರೆ ದೈತ್ಯ ನಕ್ಷತ್ರಗಳ ವಿವರ ತುಂಬಿಸಿಕೊಳ್ಳಿ: ರೋಹಿಣಿ ಕಿತ್ತಳೆ, ಸೂರ್ಯನಿಗಿಂತ ಸುಮಾರು 45 ಪಟ್ಟು ಅಗಲ, ಸುಮಾರು 65 ಜ್ಯೋತಿರ್ವರ್ಷ ದೂರ, ಸ್ವಾತಿ ಸುಮಾರು 25 ಪಟ್ಟು, 37 ಜ್ಯೋತಿರ್ವರ್ಷ. ನಿಜವಾದ ಹೊಳಪಿನ, ಅಂದರೆ ನಕ್ಷತ್ರ ತಾನೇ ಸೂಸುವ ಬೆಳಕಿನ ಕಾಲಂ ಮಾತ್ರ ಕಣ್ಣಿಗೆ ದಕ್ಕಲ್ಲ. ಅದಕ್ಕೆ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ ಬಿಡಿಸಿ ನೋಡಬೇಕು. ಇಂಥ ತಣ್ಣನೆಯ ನಕ್ಷತ್ರಗಳ ಆ ಪಟ್ಟಿಯಲ್ಲಿ ಕಾಣುವ ಕ್ಯಾಲ್ಸಿಯಂ ಗೆರೆ ಅಗಲವಾದಷ್ಟೂ ನಿಜವಾದ ಹೊಳಪು ಜಾಸ್ತಿ ಅಂತ 1957ರಲ್ಲಿ ಓಲಿನ್ ವಿಲ್ಸನ್ ಜೊತೆ ತೋರಿಸಿಕೊಟ್ಟವರು ನಮ್ಮ ಖಗೋಳ ವಿಜ್ಞಾನಿ ವೇಣು ಬಾಪು.

ಪ್ರತಿ ಸಲ ಹೊಸ ಅಂಕಿ ಬರೆಯುವ ಮೊದಲು ಹಳೇ ಸಾಲುಗಳ ಮೇಲೊಂದು ಕಾಗದ ಮುಚ್ಚಿಡಿ. ಹೋದ ವಾರದ 0.6 ಕಣ್ಣಿಗೆ ಬಿತ್ತೋ, ಈ ವಾರವೂ 0.6 ಕಾಣುತ್ತದೆ.