ಬಾಲ ದೊಡ್ಡದಾದರೆ ಆಗಲಿ ಬಿಡಿ: ಚಿತ್ರಪುಸ್ತಕದಿಂದ ಮಕ್ಕಳದೇ ಒಂದು ಪುಸ್ತಕ

ಚಿತ್ರಪುಸ್ತಕ ಓದಿ ಮುಗಿಸಿದ ಕೂಡಲೇ ದೊಡ್ಡವರು ಹೇಳುವ ಮಾತು ಒಂದಿದೆ. 'ಈಗ ಇದನ್ನೇ ನೋಡ್ಕೊಂಡು ಬರಿ.' ಮಗು ಎರಡು ನಿಮಿಷ ಬರೆಯುತ್ತದೆ. ತನ್ನದನ್ನು ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡುತ್ತದೆ. 'ನಂಗೆ ಬರಲ್ಲ' ಅಂತ ಎದ್ದು ಹೋಗುತ್ತದೆ. ವರ್ಷಗಟ್ಟಲೆ ಪಳಗಿದ ಕೈಯ ಜೊತೆ ಆರು ವರ್ಷದ ಕೈಯನ್ನು ಪೈಪೋಟಿಗೆ ನಿಲ್ಲಿಸಿದರೆ ಇನ್ನೇನಾಗಬೇಕು? ಪುಸ್ತಕದಿಂದ ಒಂದು ಉಪಾಯ ಎರವಲು ತಂದರೆ ಸಾಕು. ಚಿತ್ರ, ಕಥೆ ಎರಡೂ ಮಗುವಿನದೇ ಇರಲಿ.

ಮೊದಲು ಪುಸ್ತಕವನ್ನು ಎರಡು ಸಲ ಓದಿ. ಒಮ್ಮೆ ಕಥೆಗಾಗಿ. ಇನ್ನೊಮ್ಮೆ ಅಕ್ಷರಗಳನ್ನು ಬಿಟ್ಟು ಬರೀ ಚಿತ್ರ ನೋಡಲು. ಇದನ್ನು ಯಾವುದರಿಂದ ಮಾಡಿರಬಹುದು, ಪೆನ್ಸಿಲ್ಲಾ, ನೀರು ಬಣ್ಣವಾ, ಕತ್ತರಿಸಿ ಅಂಟಿಸಿದ ಕಾಗದವಾ ಅಂತ ಕೇಳಿ. ಆಮೇಲೆ, 'ಕಥೆಯಲ್ಲಿ ಹೇಳದೇ ಇರೋದು ಚಿತ್ರದಲ್ಲಿ ಏನಿದೆ?' ಈ ಆಟದಲ್ಲಿ ಮಕ್ಕಳು ನಮ್ಮನ್ನು ಸುಲಭವಾಗಿ ಸೋಲಿಸುತ್ತಾರೆ. ಕುರ್ಚಿಯ ಕೆಳಗೆ ಮಲಗಿರುವ ಬೆಕ್ಕು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅವರು ಅದನ್ನು ಮೊದಲ ಸಲವೇ ಕಂಡಿರುತ್ತಾರೆ. ಕಥೆಯಲ್ಲಿ ಒಂದೂ ಮಾತಾಡದ ಆ ಬೆಕ್ಕನ್ನೇ ಹಿಡಿದುಕೊಳ್ಳಿ. ಅದರ ಹೆಸರೇನು? ಅದಕ್ಕೆ ಏನು ಬೇಕು? ಯಾಕೆ ಸಿಗುತ್ತಿಲ್ಲ? ಈ ಮೂರಕ್ಕೆ ಉತ್ತರ ಸಿಕ್ಕರೆ ಕಥೆ ಹುಟ್ಟಿತು ಅಂತಲೇ ಲೆಕ್ಕ.

ಮಗು ಹೇಳುತ್ತಾ ಹೋದ ಹಾಗೆ ನೀವು ಬರೆದುಕೊಳ್ಳಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. 'ಬೆಕ್ಕು ಸಿಟ್ಟು ಸಿಟ್ಟಾಗಿ ಸುಮ್ನೆ ಕೂತ್ಕೊಂಡ್ತು' ಅಂದರೆ ಅದನ್ನು 'ಬೆಕ್ಕಿಗೆ ಬಹಳ ಕೋಪ ಬಂದಿತು' ಅಂತ ತಿದ್ದಬೇಡಿ. ಮಗುವಿನ ವಾಕ್ಯವೇ ಚೆನ್ನಾಗಿದೆ, ಅಲ್ವಾ?

ಒಂದು ಹಾಳೆ, ಎಂಟು ಪುಟ

ಅಂಗಡಿಯಲ್ಲಿ ಸಿಗುವ ಚಿತ್ರಪುಸ್ತಕಗಳಲ್ಲಿ ಸಾಮಾನ್ಯವಾಗಿ 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವಾಗ 8, 16, 32ರ ಲೆಕ್ಕ ಸಲೀಸು. ಅದಕ್ಕೇ ಹಾಗೆ. ಅದೇ ಮಡಿಕೆಯ ಗುಟ್ಟಿನಿಂದ ನಾವು ಎ4 ಹಾಳೆಯೊಂದರಲ್ಲಿ 8 ಪುಟದ ಪುಸ್ತಕ ಮಾಡಬಹುದು. ಪಿನ್ನೂ ಬೇಡ, ಅಂಟೂ ಬೇಡ.

ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಡಚಿ, ಬಿಚ್ಚಿ. ಈಗ ಅಡ್ಡಕ್ಕೆ ಅರ್ಧ ಮಡಚಿ, ಅದನ್ನೇ ಅದೇ ದಿಕ್ಕಿಗೆ ಇನ್ನೊಮ್ಮೆ ಮಡಚಿ. ಪೂರ್ತಿ ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಮತ್ತೆ ಅಡ್ಡಕ್ಕೆ ಒಂದು ಸಲ ಮಾತ್ರ ಮಡಚಿ. ಮಡಿಕೆ ಇರುವ ಅಂಚಿನಿಂದ ಶುರು ಮಾಡಿ, ನಡುವಿನ ಉದ್ದ ಗೆರೆಯ ಮೇಲೆ ಕತ್ತರಿ ಆಡಿಸಿ. ಮೊದಲು ಎದುರಾಗುವ ಅಡ್ಡ ಗೆರೆಗೆ ನಿಲ್ಲಿಸಿಬಿಡಿ. ಇಲ್ಲಿ ಕತ್ತರಿ ಮುಂದೆ ಹೋದರೆ ಪುಸ್ತಕ ಎರಡು ತುಂಡು. ನನ್ನ ಮೊದಲ ಎರಡು ಪುಸ್ತಕ ಹಾಗೇ ಹೋದವು. ಈಗ ಹಾಳೆ ಬಿಚ್ಚಿ, ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ನಡುವಿನ ಸೀಳು ಬಾಯಿ ಬಿಟ್ಟು ಕೂಡಿಸುವ ಗುರುತಿನ ಹಾಗೆ ನಿಲ್ಲುತ್ತದೆ. ಸುತ್ತಿ ಒತ್ತಿದರೆ ಪುಸ್ತಕ.

ಪುಸ್ತಕವಾದ ಮೇಲೇ ಚಿತ್ರ ಬರೆಯಿರಿ. ಬಿಚ್ಚಿದ ಹಾಳೆಯಲ್ಲಿ ಬರೆದರೆ ಅರ್ಧ ಪುಟಗಳು ತಲೆಕೆಳಗಾಗುತ್ತವೆ.

ಕಥೆ ಹಂಚುವಾಗ ಪುಟ ತಿರುವುವ ಜಾಗ ಮರೆಯಬೇಡಿ. ಒಂದನೆಯದು ಮುಖಪುಟ. 2 ಮತ್ತು 3, 4 ಮತ್ತು 5, 6 ಮತ್ತು 7 ಒಟ್ಟಿಗೆ ತೆರೆದುಕೊಳ್ಳುವ ಜೋಡಿಗಳು. ಅಚ್ಚರಿ 6ರಲ್ಲಿ ಇರಲಿ. ಐದನೇ ಪುಟದಲ್ಲಿ ಬೆಕ್ಕು ಮುಚ್ಚಿದ ಬಾಗಿಲನ್ನು ಕೆರೆಯುತ್ತಿದೆ. ಒಳಗೇನಿದೆ ಅಂತ ತಿರುವಿದರೇ ಗೊತ್ತಾಗುವುದು.

ಬಣ್ಣ, ಕಾಗದ, ಮೇಣ

ಇಷ್ಟು ಸಣ್ಣ ಪುಸ್ತಕಕ್ಕೆ ಕ್ರೇಯಾನ್, ಬಣ್ಣದ ಪೆನ್ಸಿಲ್ ಸಾಕು. ನೀರು ಬಣ್ಣ ಹಾಕಿದರೆ ತೆಳು ಕಾಗದ ಮುದುಡುತ್ತದೆ, ಸ್ಕೆಚ್ ಪೆನ್ ಹಿಂಬದಿಗೆ ಇಳಿಯುತ್ತದೆ. ಬಣ್ಣದಲ್ಲೇ ಕೈ ಆಡಿಸುವ ಆಸೆಯಿದ್ದರೆ ದಪ್ಪ ಹಾಳೆಯಲ್ಲಿ ಬೇರೆಯಾಗಿ ಮಾಡಿ. ಬಿಳಿ ಕ್ರೇಯಾನಿನಲ್ಲಿ ಒತ್ತಿ ಮಳೆ ಬರೆದು, ಮೇಲೆ ತೆಳು ನೀಲಿ ಬಳಿದರೆ ಮಳೆ ಎದ್ದು ಕಾಣುತ್ತದೆ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಅಷ್ಟೇ. ಕಾಗದದ ತುಂಡು ಅಂಟಿಸಿ ಮಾಡುವ ಕೊಲಾಜಿಗೆ ಒಂದು ದಿನ ಮೊದಲೇ ಕಾಗದಕ್ಕೆ ಬಣ್ಣ ಬಳಿದು ಒಣಗಿಸಿಡಿ. ಕೈಯಲ್ಲಿ ಹರಿದ ಅಂಚು ಮೋಡಕ್ಕೆ, ತುಪ್ಪಳಕ್ಕೆ ಚೆಂದ. ಗೋಡೆ, ಕಿಟಕಿಗೆ ಕತ್ತರಿ.

ಆದರೆ ಮಗುವಿನ ಚಿತ್ರ ತಿದ್ದಲು ಅಂತ ನೀವು ಪೆನ್ಸಿಲ್ ಹಿಡಿಯಬೇಡಿ. ನನ್ನ ಐದು ವರ್ಷದ ಮಗಳು ಬರೆದ ಬೆಕ್ಕಿನ ಬಾಲ ಒಂದು ಪುಟ ದಾಟಿ ಇನ್ನೊಂದಕ್ಕೆ ಹೋಗಿತ್ತು. 'ಬಾಲ ಸ್ವಲ್ಪ ಜಾಸ್ತಿ ಆಯ್ತಲ್ವಾ?' ಅಂದುಬಿಟ್ಟೆ. ಅವಳು ಕಾಗದ ಹರಿಯುವವರೆಗೂ ರಬ್ಬರ್ ಉಜ್ಜಿದಳು. ಬಾಲ ಹೋಯಿತು, ಕಥೆಯೂ ಹೋಯಿತು. ಯಾರೋ ಆ ಬಾಲ ತುಳಿಯುವುದೇ ಕಥೆಯಾಗಿತ್ತಂತೆ! ಈ ವಯಸ್ಸಿನ ಮಕ್ಕಳು ತಮಗೆ ಮುಖ್ಯ ಅನಿಸಿದ್ದನ್ನು ದೊಡ್ಡದಾಗಿ ಬರೆಯುತ್ತಾರೆ ಅಂತ ಕಲಾ ಶಿಕ್ಷಕ ವಿಕ್ಟರ್ ಲೋವೆನ್‌ಫೆಲ್ಡ್ ಬಹಳ ಹಿಂದೆಯೇ ಬರೆದಿದ್ದಾರೆ. ನಾನು ಅದನ್ನು ಓದಿದ್ದು ಆಮೇಲೆ. 'ಇದೇನು?' ಅಂತಲೂ ಕೇಳದೆ 'ಇದರ ಬಗ್ಗೆ ಹೇಳು' ಅನ್ನುವುದು ಒಳ್ಳೆಯದು. ಬೆಕ್ಕು ನಾಯಿಯ ಹಾಗೆ ಕಂಡರೂ ಆಗ ಯಾರ ಮುಖವೂ ಬಾಡುವುದಿಲ್ಲ.

ಎಂಟನೇ ಪುಟದಲ್ಲಿ ಮಗುವಿನ ಹೆಸರು, ವಯಸ್ಸು, ತಾರೀಕು ಬರೆಸಿ. ಆಮೇಲೆ ಮಗುವೇ ಓದಿ ಹೇಳಲಿ, ಮನೆಯವರೆಲ್ಲ ಕೂತು ಕೇಳಿ. ಎರಡನೇ ಸಲ ಓದುವಾಗ ಕಥೆ ಬದಲಾಗಿರುತ್ತದೆ. ಇನ್ನೊಂದು ಹಾಳೆ ಮಡಚಿಟ್ಟಿರಿ.