ಡ್ರೈಯರ್ ಕೊಳವೆಯಲ್ಲಿ ಅರಳೆ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಹಸಿವಾಸನೆ ಬಿಡುವುದಿಲ್ಲ. ನಮ್ಮ ಮನೆಗೆ ಡ್ರೈಯರ್ ಬಂದದ್ದೇ ಅದಕ್ಕೆ. ಆದರೆ ಕಳೆದ ಶ್ರಾವಣದಲ್ಲಿ, ಒಂದು ತಾಸಿಗೆ ಒಣಗುತ್ತಿದ್ದ ಟವೆಲ್‌ಗಳು ಎರಡು ತಾಸಾದರೂ ತೇವವಾಗಿಯೇ ಉಳಿದವು. ಯಂತ್ರದ ಹಿಂಬದಿಯಿಂದ ಬಿಸಿಗಾಳಿಯನ್ನು ಮನೆಯ ಹೊರಗೆ ಒಯ್ಯುವ ಕೊಳವೆ ಬಿಚ್ಚಿ ನೋಡಿದೆ. ತಿರುವಿನಲ್ಲಿ ಕಂಬಳಿಯಂತೆ ಒತ್ತಿಕೊಂಡ ಬೂದುಬಣ್ಣದ ಉಂಡೆ. ಬೆರಳು ಹಾಕಿ ಎಳೆದರೆ ಗೇಣುದ್ದ ಬಂತು. ಮಗಳ ಕೆಂಪು ಲಂಗದ ಎಳೆಗಳೂ ಅದರಲ್ಲಿ ಗುರುತು ಸಿಗುವಂತಿದ್ದವು.

ಡ್ರಮ್ ತಿರುಗುವಾಗ ಬಟ್ಟೆಗೆ ಬಟ್ಟೆ ಉಜ್ಜಿ ಉದುರುವ ನವಿರು ಎಳೆಗಳೇ ಈ ಅರಳೆ. ಹೆಚ್ಚಿನವನ್ನು ಯಂತ್ರದಲ್ಲೇ ಇರುವ, ಹೊರತೆಗೆಯಬಹುದಾದ ಜಾಲರಿ ಹಿಡಿಯುತ್ತದೆ. ತಪ್ಪಿಸಿಕೊಂಡವು ತೇವದ ಬಿಸಿಗಾಳಿಯೊಂದಿಗೆ ಹೋಗಿ ಕೊಳವೆಗೆ ಅಂಟುತ್ತವೆ. ಹತ್ತಿ ಬೆಳೆಯುವ ಈ ಸೀಮೆಯವರಿಗೆ ಅರಳೆಗೆ ಕಿಡಿ ತಾಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಮನೆ ಡ್ರೈಯರ್ ಬೆಂಕಿಗಳನ್ನು ಪರಿಶೀಲಿಸಿದಾಗ, ಎಲ್ಲಕ್ಕಿಂತ ಮುಂದೆ ಕಂಡ ಕಾರಣ ಸ್ವಚ್ಛ ಮಾಡದಿರುವುದು.

ಮೊದಲ ಕೆಲಸ ಜಾಲರಿಯದು. ಪ್ರತಿ ಸಲ ಬಟ್ಟೆ ಒಣಗಿದ ಮೇಲೆ ಅದನ್ನು ಹೊರತೆಗೆದು ಎಳೆಗಳನ್ನು ಬೆರಳಿನಿಂದ ಸುತ್ತಿ ತೆಗೆಯಿರಿ. ವಾರಕ್ಕೊಮ್ಮೆ ಎಂದುಕೊಂಡರೆ ಸಾಲದು. ಬಟ್ಟೆ ಮೃದುವಾಗಲೆಂದು ಸುವಾಸನೆಯ ಹಾಳೆ ಹಾಕುವವರು ಇನ್ನೊಂದನ್ನು ನೋಡಬೇಕು: ಅದರ ಮೇಣದಂಥ ಪದರ ಕಣ್ಣಿಗೆ ಕಾಣದಂತೆ ಜಾಲರಿಯ ರಂಧ್ರ ಮುಚ್ಚುತ್ತದೆ. ನಲ್ಲಿಯ ಕೆಳಗೆ ಹಿಡಿದಾಗ ನೀರು ಇಳಿಯದೆ ಮೇಲೆಯೇ ನಿಂತರೆ ಬೆಚ್ಚಗಿನ ಸೋಪಿನ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ ಕೂಡಿಸಿ.

ಕೊಳವೆ ನಾಲ್ಕು ಅಂಗುಲದ, ಒಳಮೈ ನುಣುಪಾದ ಗಟ್ಟಿ ಲೋಹದ್ದಾಗಿರಲಿ. ಪ್ಲಾಸ್ಟಿಕ್ ಬೇಡವೇ ಬೇಡ. ತೆಳು ಹಾಳೆಯ ಸುಕ್ಕು ಕೊಳವೆಯಲ್ಲಿ ಪ್ರತಿ ಮಡಿಕೆಯೂ ಎಳೆ ಹಿಡಿಯುತ್ತದೆ. ಉದ್ದ ಮತ್ತು ತಿರುವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಜೋಡಣೆಗೆ ಸ್ಕ್ರೂ ಬೇಡ, ಒಳಗೆ ಚಾಚಿದ ಮೊನೆಗೆ ಅರಳೆ ಸಿಕ್ಕಿಕೊಳ್ಳುತ್ತದೆ. ಲೋಹದ ಅಂಟುಪಟ್ಟಿ ಸುತ್ತಿಸಿ.

ಹೊರಗೋಡೆಯ ಬಾಯಿಯನ್ನು ನಾನೂ ಮರೆತಿದ್ದೆ. ಹಲ್ಲಿ, ಗುಬ್ಬಿ ಹೊಗದಿರಲೆಂದು ಅಳವಡಿಸಿದವರು ಸೊಳ್ಳೆಜಾಲಿ ಬಿಗಿದಿದ್ದರು. ಒಳಗಿನ ಉಂಡೆಯ ಬೇರು ಅಲ್ಲಿತ್ತು. ಆ ಬಾಯಿಗೆ ಜಾಲಿ ಕೂಡದು. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚುವ ರೆಕ್ಕೆ ಸಾಕು.

ವರ್ಷಕ್ಕೊಮ್ಮೆ, ಮೃಗಶಿರಾ ಮಳೆಗೆ ಮೊದಲು, ಪ್ಲಗ್ ಕಿತ್ತು ಯಂತ್ರವನ್ನು ಮುಂದಕ್ಕೆ ಎಳೆಯಿರಿ. ಕೊಳವೆ ಬಿಚ್ಚಿ ಎರಡೂ ತುದಿಯಿಂದ ಉದ್ದ ಹಿಡಿಯ ಬ್ರಷ್ ಆಡಿಸಿ. ಮತ್ತೆ ಕೂಡಿಸುವಾಗ ಗೋಡೆಗೂ ಯಂತ್ರಕ್ಕೂ ನಡುವೆ ಕೊಳವೆ ಜಜ್ಜದಂತೆ ಜಾಗ ಬಿಡಿ. ಆಮೇಲೆ ಯಂತ್ರ ಚಾಲೂ ಮಾಡಿ, ಹೊರಗೆ ಹೋಗಿ ರೆಕ್ಕೆಯ ಮುಂದೆ ಅಂಗೈ ಒಡ್ಡಿ. ಬಿಸಿಗಾಳಿ ಜೋರಾಗಿ ತಾಗಬೇಕು.